ಉಗ್ರಾಣದ ಕಂತುಗಳು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಕಾರ್ಟೂನು ಮಾಡುವವರ ಕತೆಯನ್ನು ಕಾರ್ಟೂನು ಮಾಡುವವರೇ ಹೇಳಬೇಕು. ಒಂದು ಗೆರೆಯನ್ನೂ ನೆಟ್ಟಗೆ ಎಳೆಯಲು ಬಾರದವರು ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ಎಲ್ಲಾದರೂ ತಪ್ಪಿದರೆ ಆ ತಪ್ಪು ಹೇಳುವವರದು, ಕತೆಯೊಳಗಿನವರದಲ್ಲ. ಆದರೆ ಅವರಲ್ಲಿ ಯಾರೂ ಬಾಯಿ ಬಿಡುವಂತೆ ಕಾಣಲಿಲ್ಲ. ಹಾಗೇ ಬಿಟ್ಟರೆ, ದೊಡ್ಡ ಪರದೆಯ ಸಿನಿಮಾ ಬಂತು, ಟೀವಿಯ ಕಾರ್ಟೂನು ಸತ್ತಿತು ಎಂಬ ಒಂದು ಸಾಲಿನಲ್ಲಿ ಎಲ್ಲ ಮುಗಿದುಹೋಗುತ್ತದೆ. ಅಷ್ಟು ಸಲೀಸಾಗಿ ನಡೆದದ್ದಲ್ಲ ಅದು.

ಅವರಿದ್ದ ಕಟ್ಟಡದಲ್ಲಿ ನೆಲ ಅಂತಸ್ತಿಗೆ ಕನ್ನಡಕದ ಅಂಗಡಿ, ಅದರ ಮೇಲೆ ಹಲ್ಲಿನ ಡಾಕ್ಟರು, ಅದರ ಮೇಲೆ ಕಾರ್ಟೂನು ಕಂಪನಿ. ಕೆನ್ನೆ ಹಿಡಿದುಕೊಂಡು ಮೆಟ್ಟಿಲು ಹತ್ತುವವರು ಡಾಕ್ಟರ ಗಿರಾಕಿಗಳು, ಕಣ್ಣುಜ್ಜಿಕೊಂಡು ಹತ್ತುವವರು ಕಾರ್ಟೂನಿನವರು ಎಂದು ಬಾಗಿಲ ಕಾವಲುಗಾರ ಲೆಕ್ಕ ಹಾಕುತ್ತಿದ್ದ. ವರ್ಷಗಟ್ಟಲೆ ಅಲ್ಲಿ ತಯಾರಾಗುತ್ತಿದ್ದದ್ದು ಒಂದೇ ಧಾರಾವಾಹಿ, 'ಕೊಡೆ ಕರಡಿ'. ಹರಿದ ಕೊಡೆ ರಿಪೇರಿ ಮಾಡುವ ಕರಡಿ, ಬಾಡಿಗೆ ಕೇಳಲು ಬರುವ ಮನೆ ಒಡತಿ ಕೊಕ್ಕರೆ, ಮಳೆಯೆಂದರೆ ಹೆದರುವ ಕಪ್ಪೆ. ವಾರಕ್ಕೊಂದು ಕಂತು. ಮಕ್ಕಳು ನೋಡುತ್ತಿದ್ದರು, ಮಕ್ಕಳ ನೆಪದಲ್ಲಿ ದೊಡ್ಡವರೂ ನೋಡುತ್ತಿದ್ದರು.

ವಾರಕ್ಕೊಂದು ಕಂತಿನ ಚಿತ್ರಗಳನ್ನು ಪೂರ್ತಿ ಹೊಸದಾಗಿ ಬರೆಯಲು ಯಾವ ಕಂಪನಿಗೂ ಆಗುವುದಿಲ್ಲ. ಆದ್ದರಿಂದ ಒಮ್ಮೆ ಬರೆದದ್ದನ್ನು ಯಾರೂ ಎಸೆಯುವುದಿಲ್ಲ. ಕರಡಿ ಎಡದಿಂದ ಬಲಕ್ಕೆ ನಡೆಯುವುದು, ಕೊಕ್ಕರೆ ಬಾಗಿಲು ತಳ್ಳುವುದು, ಕಪ್ಪೆ ಸೀನುವುದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಪಾನವಾಗಿ ಇಟ್ಟು, ಬೇಕಾದಾಗ ತೆಗೆದು ಮತ್ತೆ ಬಳಸುತ್ತಾರೆ. ಆ ಸಂಗ್ರಹವನ್ನು ಕಂಪನಿಯವರು ಉಗ್ರಾಣ ಎನ್ನುತ್ತಿದ್ದರು. ಉಗ್ರಾಣ ನೋಡಿಕೊಳ್ಳುವಾಕೆಯ ನಿಜವಾದ ಹೆಸರು ಎಲ್ಲರಿಗೂ ಮರೆತೇಹೋಗಿತ್ತು. ಆಕೆ ಉಗ್ರಾಣದಕ್ಕ. ವಯಸ್ಸಿನಲ್ಲಿ ಆಕೆಗಿಂತ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು.

ಅಕ್ಕನದು ಒಂದೇ ಹಟ. "ಉಗ್ರಾಣ ಅಂದ್ರೆ ಉಪ್ಪು ಇದ್ದ ಹಾಗೆ. ರುಚಿಗೆ ಹಾಕ್ಬೇಕು, ಅದನ್ನೇ ಬಡಿಸ್ಬಾರ್ದು" ಎನ್ನುತ್ತಿದ್ದಳು. ಹೊಸಬರು ಯಾರಾದರೂ ಸೋಮಾರಿತನಕ್ಕೆ ಹಳೆಯ ತುಣುಕು ಕೇಳಲು ಬಂದರೆ ಬಾಗಿಲಿನಿಂದಲೇ ಓಡಿಸುತ್ತಿದ್ದಳು.

ಆ ಧಾರಾವಾಹಿಯ ನಿರ್ದೇಶಕ ಅಕ್ಕನ ಮೈದುನ. ಗಂಡನ ತಮ್ಮ, ಓದು ಹತ್ತದೆ ಮನೆಯಲ್ಲಿ ಬಿದ್ದುಕೊಂಡಿದ್ದವನನ್ನು ಅಕ್ಕನೇ ಕರೆತಂದು ಬಣ್ಣ ತುಂಬುವ ಕೆಲಸಕ್ಕೆ ಕೂರಿಸಿದ್ದಳು. ಹುಡುಗ ಬುದ್ಧಿವಂತ. ಬಣ್ಣದಿಂದ ಗೆರೆಗೆ, ಗೆರೆಯಿಂದ ಕತೆಗೆ ಏರಿ, ಒಂದು ದಿನ ಅತ್ತಿಗೆಗೇ ಮೇಲಧಿಕಾರಿಯಾದ. ಅದರ ಬಗ್ಗೆ ಅಕ್ಕನಿಗೆ ಹೊಟ್ಟೆಕಿಚ್ಚಿರಲಿಲ್ಲ. ಹೆಮ್ಮೆಯೇ ಇತ್ತು, ಆದರೆ ಹೇಳಿಕೊಳ್ಳುತ್ತಿರಲಿಲ್ಲ.

ಚಾನೆಲ್ಲಿನವರು ಕೊಡೆ ಕರಡಿಯನ್ನು ಸಿನಿಮಾ ಮಾಡುತ್ತೇವೆ ಎಂದ ದಿನ ಮೈದುನ ಉಗ್ರಾಣದ ಕೋಣೆಗೆ ಬಂದು ಮೇಜಿನ ತುದಿಯಲ್ಲಿ ಕುಳಿತ.

"ಅತ್ತಿಗೆ, ಜನ ಬೇಕು ನಂಗೆ. ಇಲ್ಲಿರೋರನ್ನೆಲ್ಲ ಕರ್ಕೊಂಡು ಹೋಗ್ಬೇಕು."

"ಕರ್ಕೊಂಡು ಹೋಗು. ಟೀವಿ ಕಂತು ಯಾರು ಮಾಡ್ತಾರೆ, ನಿಮ್ಮಮ್ಮನಾ?"

"ನೀವಿದ್ದೀರಲ್ಲ. ತುಟಿನೂ ನಿಮ್ಮ ಹತ್ರಾನೇ ಬಿಟ್ಟು ಹೋಗ್ತೀನಿ." ತುಟಿ ಎಂದರೆ ಪಾತ್ರಗಳ ಮಾತಿಗೆ ತಕ್ಕಂತೆ ಬಾಯಿಯ ಚಿತ್ರ ಕೂರಿಸುವ ಹುಡುಗಿ. "ಒಂದು ವರ್ಷ ಹೇಗಾದ್ರೂ ಸುಧಾರಿಸ್ಕೊಳ್ಳಿ. ಸಿನಿಮಾ ಮುಗೀತಿದ್ದ ಹಾಗೆ ಎಲ್ಲರನ್ನೂ ವಾಪಸ್ ಕಳಿಸ್ತೀನಿ. ಆಣೆ."

"ಯಾರ ಮೇಲೆ ಆಣೆ?"

"ನಿಮ್ಮ ಮೇಲೇ ಇಡ್ತೀನಿ."

"ಬೇಡಪ್ಪ, ನಂಗಿನ್ನೂ ಬದುಕೋ ಆಸೆ ಇದೆ" ಎಂದಳು ಅಕ್ಕ. ಇಬ್ಬರೂ ನಕ್ಕರು.

ಹೋಗುವವರಲ್ಲಿ ಹೋಗಲು ಮನಸ್ಸಿಲ್ಲದವನು ನಡಿಗೆಯಣ್ಣ ಒಬ್ಬನೇ. ಅವನ ಕೆಲಸವೇ ಪಾತ್ರಗಳ ನಡಿಗೆಯನ್ನು ಚಿತ್ರವಾಗಿ ಬರೆಯುವುದು. ಮೈ ಭಾರದವನು, ಮೆಟ್ಟಿಲು ಹತ್ತಿ ಬಂದರೆ ಏದುಸಿರು. ಆದರೆ ಹೊಸ ಪಾತ್ರ ಬಂದ ದಿನ ಓಣಿಯಂಥ ಆ ಪಡಸಾಲೆಯಲ್ಲಿ ಎಲ್ಲರನ್ನೂ ಗೋಡೆಗೆ ಒತ್ತಿ ನಿಲ್ಲಿಸಿ, ತಾನೇ ಆ ಪಾತ್ರವಾಗಿ ನಡೆದು ತೋರಿಸುತ್ತಿದ್ದ. ಕೊಕ್ಕರೆಯ ನಡಿಗೆ ಹುಟ್ಟಿದ್ದು ಹಾಗೆ. ಸೀರೆಗೆ ಕೆಸರು ತಾಗೀತೆಂದು ಹೆಜ್ಜೆಹೆಜ್ಜೆಗೂ ಕಾಲು ಎತ್ತಿ, ಒಂದು ಕ್ಷಣ ಗಾಳಿಯಲ್ಲಿ ಹಿಡಿದು, ಅಸಹ್ಯಪಟ್ಟುಕೊಂಡು ಕೆಳಗಿಡುವ ನಡಿಗೆ. ಅದನ್ನು ಕಂಡು ಹಲ್ಲಿನ ಡಾಕ್ಟರ ಗಿರಾಕಿಯೊಬ್ಬ ಮೆಟ್ಟಿಲ ಮೇಲೆಯೇ ನೋವು ಮರೆತು ನಕ್ಕಿದ್ದನಂತೆ.

ಅವನು ಬಂದು ಕೇಳಿದ. "ಅಕ್ಕ, ಬೇಡ ಅಂದ್ರೆ ಹೇಳ್ಬಿಡಿ. ನಾನು ಹೋಗಲ್ಲ. ಸಿನಿಮಾ ಅನ್ನೋದು ಮದುವೆ ಮನೆ, ಮುಗಿದ ಮೇಲೆ ಚಪ್ಪರ ಬಿಚ್ತಾರೆ. ಆಮೇಲೆ ಇಲ್ಲೂ ಏನೂ ಇಲ್ಲ ಅಂದ್ರೆ ಈ ವಯಸ್ಸಲ್ಲಿ ನಾನೆಲ್ಲಿಗೆ ಹೋಗ್ಲಿ?"

"ನೀವು ಧೈರ್ಯವಾಗಿ ಹೋಗ್ಬನ್ನಿ. ಒಂದು ವಾರಾನೂ ಕಂತು ನಿಲ್ಲದ ಹಾಗೆ ನಾನು ನೋಡ್ಕೊಳ್ತೀನಿ. ನಿಂತ್ರೆ ತಾನೇ ಅವರು ಬಾಗಿಲು ಹಾಕೋದು? ನಡೀತಾ ಇದ್ರೆ ನಿಮ್ಮನ್ನ ವಾಪಸ್ ಕರೀಲೇಬೇಕು."

"ನಿಮ್ಮ ಮಾತಿನ ಮೇಲೆ ಹೋಗ್ತಿದ್ದೀನಿ."

"ಹೋಗ್ರೀ, ಹೋಗಿ. ನೀವಿಲ್ಲದೆ ಪಡಸಾಲೆಯಲ್ಲಿ ಸ್ವಲ್ಪ ಗಾಳಿಯಾದ್ರೂ ಆಡ್ಲಿ."

ಹೀಗೆ ಅಕ್ಕ ಮಾತು ಕೊಟ್ಟಳು. ಕಂತು ನಿಲ್ಲಬಾರದು, ಹೋದವರಿಗೆ ಮರಳಲು ಒಂದು ಮನೆ ಇರಬೇಕು. ಅದೊಂದೇ ಅವಳ ತಲೆಯಲ್ಲಿದ್ದದ್ದು.

ಆಮೇಲೆ ಆಕೆ ಮಾಡಿದ್ದನ್ನು ಆ ಕಸುಬಿನವರು ಈಗಲೂ ಸುಲಭಕ್ಕೆ ನಂಬುವುದಿಲ್ಲ. ಉಗ್ರಾಣದಿಂದಲೇ ಇಡೀ ಕಂತುಗಳನ್ನು ಹೊಲಿದಳು. ಎಂದೋ ಕರಡಿ ಕೊಡೆಯ ಕಡ್ಡಿ ನೋಡಿ ಮುಖ ಸಿಂಡರಿಸಿದ್ದನ್ನು ತೆಗೆದು, ಬೇರೆ ಎಂದೋ ಕೊಕ್ಕರೆ ಮಾತಾಡಿದ್ದರ ಎದುರಿಗಿಟ್ಟಳು. ಈಗ ಕರಡಿ ಮುಖ ಸಿಂಡರಿಸಿದ್ದು ಬಾಡಿಗೆಯ ಮಾತಿಗೆ ಎಂದಾಯಿತು. ಹಗಲನ್ನು ಸಂಜೆಗೆ ತಿರುಗಿಸಿದಳು. ಎಡವನ್ನು ಬಲ ಮಾಡಿದಳು. ಕತೆಗೆ ಕಪ್ಪೆ ಅಳಬೇಕಾಗಿದ್ದು ಉಗ್ರಾಣದಲ್ಲಿ ಅಳುವ ಕಪ್ಪೆ ಸಿಗದಿದ್ದಾಗ, ಸೀನುವ ಕಪ್ಪೆಯನ್ನು ನಿಧಾನ ಮಾಡಿ ಅಳಿಸಿದಳು. ಮಾತು ಹೆಚ್ಚಾದ ಕಡೆ ಪಾತ್ರವನ್ನು ಬೆನ್ನು ತಿರುಗಿಸಿ ನಿಲ್ಲಿಸಿದಳು, ತುಟಿಯ ಕೆಲಸ ಉಳಿಯಿತು.

"ಅಕ್ಕ, ನೀವು ಕಳ್ಳನೋಟು ಅಚ್ಚು ಹಾಕಿದ್ರೆ ಬ್ಯಾಂಕಿನೋರಿಗೂ ಗೊತ್ತಾಗ್ತಿರ್ಲಿಲ್ಲ" ಎಂದಳು ತುಟಿ.

"ಬಾಯಿ ಕೂರಿಸೋ ಕೆಲಸ ನಿಂದು, ಬಾಯಿ ಬಿಡೋದಲ್ಲ. ಆ ಕೊಕ್ಕರೆ ಕೊಕ್ಕು ಅರ್ಧ ಕ್ಷಣ ಮುಂಚೆ ತೆರ್ಕೊಳ್ತಿದೆ, ನೋಡು."

ಒಳಗೊಳಗೆ ಅಕ್ಕನಿಗೆ ಭಯವೇ. ಪ್ರತಿ ಕಂತು ಪ್ರಸಾರವಾದಾಗಲೂ, ಇವತ್ತು ಯಾರಾದರೂ ಹಿಡಿದುಬಿಡುತ್ತಾರೆ ಎಂದು ಉಗುರು ಕಚ್ಚುತ್ತ ಕೂರುತ್ತಿದ್ದಳು. ಹಿಡಿದದ್ದು ಅತ್ತೆ ಒಬ್ಬಳೇ. ಅತ್ತೆಗೆ ಕಿವಿ ಪೂರ್ತಿ ಹೋಗಿತ್ತು. ಮಗನ ಧಾರಾವಾಹಿ ಎಂದು ಬಿಡದೆ ನೋಡುತ್ತಿದ್ದಳು, ಬರೀ ಕಣ್ಣಿನಲ್ಲಿ.

"ಏನೇ, ಈ ಕಪ್ಪೆಗೆ ನೆಗಡಿ ವಾಸಿಯಾಗ್ಲೇ ಇಲ್ವಲ್ಲ?" ಎಂದು ಗಟ್ಟಿಯಾಗಿ ಕೇಳಿದಳು.

"ಅದು ಅಳ್ತಿದೆ ಅತ್ತೆ" ಎಂದು ಅಕ್ಕ ಕೈಸನ್ನೆ ಮಾಡಿ ತೋರಿಸಿದಳು.

"ಅಳುತ್ತಾ? ಯಾರಿಗೆ ಹೇಳ್ತೀಯ! ಸೀನಿದ್ದನ್ನ ಅತ್ತಿದ್ದು ಅಂತ ನಂಬಿಸೋಕೆ ನನಗೇನು ಕಣ್ಣೂ ಹೋಗಿದ್ಯಾ?"

ಗಂಡ ಪೇಪರಿನ ಹಿಂದಿನಿಂದ ನಕ್ಕ. ಕಾರು ಕಲಿಸುವ ಶಾಲೆಯಲ್ಲಿ ಮೇಷ್ಟರು ಅವನು, ಎಲ್ಲದಕ್ಕೂ ತನ್ನ ಕಸುಬಿನ ಮಾತೇ. "ನೋಡೇ, ನಿನ್ನ ಗಾಡಿ ಚೆನ್ನಾಗೇ ಓಡ್ತಿದೆ. ಆದ್ರೆ ಒಳಗೆ ಇಂಜಿನ್ ಇಲ್ಲ ಅಂತ ದಾರಿಯಲ್ಲಿ ನಿಂತೋರಿಗೆ ಹೇಗೆ ಗೊತ್ತಾಗ್ಬೇಕು?" ಅಕ್ಕ ಆಗ ಆ ಮಾತನ್ನು ತಮಾಷೆ ಎಂದುಕೊಂಡಳು.

ನಡುವೆ ಒಂದು ಮಧ್ಯಾಹ್ನ ನಡಿಗೆಯಣ್ಣ ಬಂದ. ಸಿನಿಮಾದವರಿಗೆ ಬೀದಿಯ ಕೊನೆಯ ಗಾಜಿನ ಕಟ್ಟಡ ಕೊಟ್ಟಿದ್ದರು. ಅಲ್ಲಿ ಲಿಫ್ಟು ಇತ್ತು, ಏದುಸಿರು ಕಮ್ಮಿಯಾಗಿತ್ತು, ಮುಖ ಮಾತ್ರ ಬಾಡಿತ್ತು.

"ಅಲ್ಲಿ ಏನು ನಡೆಸ್ತಿದ್ದಾರೆ ನಿಮ್ಮ ಕೈಲಿ?" ಅಕ್ಕ ಕೇಳಿದಳು.

"ನಡಿಗೆ ಎಲ್ಲಿ ಬಂತು! ಕರಡಿಗೆ ಈಗ ಮೈತುಂಬ ಕೂದಲು ಅಕ್ಕ, ಒಂದೊಂದೂ ಬೇರೆಬೇರೆ ಅಲುಗ್ಬೇಕು. ಗಾಳಿ ಬಂದ್ರೆ ಅದು ಎತ್ತ ಬಗ್ಗುತ್ತೆ ಅಂತ ನೋಡ್ತಾ ಕೂತಿರ್ತೀನಿ. ನನ್ನ ತಲೆಯಲ್ಲಿರೋ ನಾಲ್ಕು ಕೂದಲನ್ನ ನಾನು ಇಷ್ಟು ಕಾಳಜಿಯಿಂದ ನೋಡಿದ್ದಿಲ್ಲ."

"ಮತ್ತೆ ಕೊಕ್ಕರೆ?"

"ಕೊಕ್ಕರೆಗೆ ಸಿನಿಮಾದಲ್ಲಿ ರೆಕ್ಕೆ ಬಂದಿದೆ. ಹಾರುತ್ತೆ. ಹಾರಿದ್ರೆ ಟಿಕೆಟಿಗೆ ಕೊಟ್ಟಿದ್ದು ಸಾರ್ಥಕವಂತೆ." ಅವನು ಉಗ್ರಾಣದ ಪರದೆಯ ಕಡೆ ನೋಡಿದ. ಅವನದೇ ಕೊಕ್ಕರೆ ಬಾಡಿಗೆ ಕೇಳಲು ಕಾಲೆತ್ತಿ ಕಾಲೆತ್ತಿ ಬರುತ್ತಿತ್ತು. "ಇಲ್ಲಾದ್ರೂ ನಡೀತಿದ್ದಾಳಲ್ಲ, ಸಾಕು. ಬೇಗ ಮುಗಿಸಿ ಬಂದ್ಬಿಡ್ತೀನಿ ಅಕ್ಕ."

ಅಕ್ಕ ತಲೆಯಾಡಿಸಿದಳು. ಆ ವಾರ ಇನ್ನಷ್ಟು ಹುರುಪಿನಿಂದ ಹೊಲಿದಳು.

ಸಿನಿಮಾ ಮುಗಿಯಲು ಬಂದ ಹೊತ್ತಿಗೆ ಚಾನೆಲ್ಲಿನಿಂದ ಕರೆ ಬಂತು. ಅಲ್ಲಿಯ ಮುಖ್ಯಸ್ಥನಿಗೆ ಕಂಪನಿಯವರು ಇಟ್ಟ ಹೆಸರು ನಗುಮುಖ. ಕೆಲಸದಿಂದ ತೆಗೆಯುವಾಗಲೂ ನಗುತ್ತಲೇ ತೆಗೆಯುವ ಮನುಷ್ಯ. ಅವನ ಕೋಣೆಯ ಕುರ್ಚಿ ಎಷ್ಟು ಮೆತ್ತಗಿತ್ತೆಂದರೆ ಅಕ್ಕ ಕುಳಿತವಳು ಒಳಗೇ ಇಳಿದುಹೋದಳು.

"ಮೇಡಂ, ನಿಮಗೆ ಸನ್ಮಾನ ಮಾಡ್ಬೇಕು. ವರ್ಷ ಪೂರ್ತಿ ಒಬ್ಬ ಚಿತ್ರಗಾರನೂ ಇಲ್ದೆ ಧಾರಾವಾಹಿ ನಡೆಸಿದ್ದೀರಿ. ಒಂದು ದೂರು ಬಂದಿಲ್ಲ. ನೋಡೋರ ಸಂಖ್ಯೆ ಇಳಿದಿಲ್ಲ."

"ಇದು ತಾತ್ಕಾಲಿಕ ಸರ್. ಅವರೆಲ್ಲ ವಾಪಸ್ ಬಂದ್ಮೇಲೆ…"

"ಯಾರು ಬಂದ್ಮೇಲೆ?"

"ನಮ್ಮೋರು. ನಡಿಗೆ ಬರೆಯೋರು, ಹಿನ್ನೆಲೆ ಬಿಡಿಸೋರು."

ನಗುಮುಖ ನಿಜವಾಗಿಯೂ ಅರ್ಥವಾಗದವನಂತೆ ನೋಡಿದ. "ನಡಿಗೆಗಳೆಲ್ಲ ಇವೆಯಲ್ಲ ಮೇಡಂ, ನಿಮ್ಮ ಹತ್ರಾನೇ. ಇನ್ನು ನಡಿಗೆ ಬರೆಯೋರು ಯಾಕೆ?"

ಆ ಮೆತ್ತನೆಯ ಕುರ್ಚಿಯಿಂದ ಏಳಲು ಅಕ್ಕನಿಗೆ ಕೂಡಲೇ ಆಗಲಿಲ್ಲ. ಕಂತು ನಿಂತರೆ ಬಾಗಿಲು ಹಾಕುತ್ತಾರೆ ಎಂದು ಅವಳು ಹೆದರಿದ್ದಳು. ನಿಲ್ಲದೆ ನಡೆದರೂ ಹಾಕಬಹುದು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಸಂಜೆ ಮನೆಗೆ ಬಂದ ಮೈದುನ ಕೈತೊಳೆದು ಊಟಕ್ಕೆ ಕೂತಿದ್ದೇ ತಡ, ಅಕ್ಕ ಶುರುಮಾಡಿದಳು.

"ನಿನಗೆ ಗೊತ್ತಿತ್ತಾ?"

"ಏನು?"

"ಯಾರನ್ನೂ ವಾಪಸ್ ತಗೊಳಲ್ಲ ಅಂತ."

ಮೈದುನ ತಟ್ಟೆಯ ಅಂಚಿನಲ್ಲಿ ಬೆರಳಾಡಿಸಿದ. "ನಾನು ಕೇಳಿದೆ ಅತ್ತಿಗೆ. ನಿಜವಾಗ್ಲೂ ಕೇಳಿದೆ. ಅವರು ನಿಮ್ಮ ಕಂತು ಹಾಕಿ ತೋರ್ಸಿದ್ರು. ಇದರಲ್ಲಿ ಏನು ಕಮ್ಮಿಯಿದೆ ಹೇಳು ಅಂದ್ರು. ನಾನೇನು ಹೇಳ್ಲಿ? ನನಗೇ ಕಾಣ್ಲಿಲ್ಲ."

"ನಿನಗೂ ಕಾಣ್ಲಿಲ್ವಾ?"

"ನೀವು ಅಷ್ಟು ಚೆನ್ನಾಗಿ ಮಾಡ್ಬಾರ್ದಿತ್ತು."

"ಆಹಾ! ಮಾಡಿದ್ದು ನನ್ನ ತಪ್ಪಾ? ಮನೆ ಬಿಟ್ಟು ಮೆರವಣಿಗೆ ಹೊರಟೋನು ನೀನು, ಒಲೆ ಆರದ ಹಾಗೆ ಕಾದೋಳು ನಾನು, ಈಗ ಹೊಗೆ ಬಂತು ಅಂತ ನನ್ನ ಮೇಲೇ ಗೂಬೆ ಕೂರಿಸ್ತೀಯಾ?"

"ಕಾಲ ಹಾಗಿದೆ ಅತ್ತಿಗೆ. ಒಂದ್ಸಲ ದೊಡ್ಡ ಪರದೆಯಲ್ಲಿ ಆ ಕರಡೀನ ನೋಡಿದ ಮಕ್ಕಳು ಟೀವಿಯಲ್ಲಿ ಇದನ್ನ ನೋಡಿದ್ರೆ ಅದೇ ಹೆಚ್ಚು. ಸಿನಿಮಾನೇ ಮುಂದೆ. ಟೀವಿಯದು ಸುಮ್ನೆ ಅದರ ಜಾಹೀರಾತು ಇದ್ದ ಹಾಗೆ."

"ಜಾಹೀರಾತಾ? ಆ ಜಾಹೀರಾತಿನ ಅನ್ನ ತಿಂದೇ ನೀನು ನಿರ್ದೇಶಕ ಆಗಿದ್ದು ಕಣೋ."

ಮಾತು ಕೇಳಿಸದ ಅತ್ತೆ ಇಬ್ಬರ ಮುಖವನ್ನೂ ನೋಡಿ, "ಯಾಕೆ ಇಬ್ರೂ ಊಟ ಬಿಟ್ಟು ಬಾಯಿ ಆಡಿಸ್ತಿದ್ದೀರಾ?" ಎಂದಳು.

ಮರುದಿನ ಅಕ್ಕ ಒಂದು ನಿರ್ಧಾರ ಮಾಡಿಕೊಂಡು ಬಂದಳು. ಇಷ್ಟು ದಿನ ಇಲ್ಲದವರನ್ನು ಇದ್ದಾರೆಂದು ತೋರಿಸಿದ್ದಾಯಿತು. ಈಗ ಅವರು ಇಲ್ಲ ಎಂಬುದು ಎಲ್ಲರ ಕಣ್ಣಿಗೂ ರಾಚಬೇಕು. ಒಂದೇ ಒಂದು ಕಂತು ಕೆಡಿಸುತ್ತೇನೆ. ಜನ ಉಗಿಯಲಿ, ದೂರು ಬರಲಿ, ಚಿತ್ರಗಾರರನ್ನು ಕರೆಸಿ ಎಂದು ಚಾನೆಲ್ಲಿನವರೇ ಓಡಿ ಬರಲಿ.

ಕೆಡಿಸುವುದು ಮಾಡುವುದಕ್ಕಿಂತ ಕಷ್ಟವಾಯಿತು. ಕರಡಿಯ ಕೈಯ ಕೆಂಪು ಕೊಡೆ ಬಾಗಿಲು ದಾಟಿದ ಕೂಡಲೇ ಹಸಿರಾಗಲಿ ಎಂದು ಬಿಟ್ಟಳು. ಬಿಟ್ಟ ಮೇಲೆ ಕೈ ತಾನಾಗಿ ಹೋಗಿ ಸರಿಮಾಡಿತು. ಮತ್ತೆ ಕೆಡಿಸಿದಳು. ನೆರಳುಗಳನ್ನು ದಿಕ್ಕು ತಪ್ಪಿಸಿದಳು. ಮುಚ್ಚಿದ ಬಾಗಿಲಿನ ಮೂಲಕ ಕರಡಿಯನ್ನು ನಡೆಸಿದಳು. ಕೊನೆಗೆ, ಹಲ್ಲು ಕಚ್ಚಿಕೊಂಡು, ಕೊಕ್ಕರೆಯ ನಡಿಗೆ ತೆಗೆದು ಅದಕ್ಕೆ ಕಪ್ಪೆಯ ಕುಪ್ಪಳಿಕೆ ಹಾಕಿದಳು. ಸೀರೆಯುಟ್ಟ ಕೊಕ್ಕರೆ ಬಾಡಿಗೆ ಕೇಳಲು ತಪಕ್ ತಪಕ್ ಎಂದು ಕುಪ್ಪಳಿಸುತ್ತ ಬಂತು.

ತುಟಿ ಗಾಬರಿಯಾದಳು. "ಅಕ್ಕ, ಜ್ವರಗಿರ ಬಂದಿದ್ಯಾ? ಇದನ್ನ ಕಳ್ಸಿದ್ರೆ ನಮ್ಮನ್ನ ಒದ್ದು ಓಡಿಸ್ತಾರೆ."

"ಒದೀಲಿ. ಒದ್ದ ಮೇಲಾದ್ರೂ ಕಾಲು ನೋವಾಗುತ್ತೆ ಅವರಿಗೆ. ಕಳ್ಸು."

ಕಂತು ಪ್ರಸಾರವಾಯಿತು. ಅಕ್ಕ ಆವತ್ತು ಟೀವಿ ಹಾಕಲಿಲ್ಲ. ಮಾರನೆಯ ಬೆಳಿಗ್ಗೆ ಮೆಟ್ಟಿಲು ಹತ್ತುವಾಗಲೇ ಫೋನು ಬಂತು. ಬೈಗುಳಕ್ಕೆ ಸಿದ್ಧಳಾಗಿ, ಸರಿಯಾಗಿ ಹಲ್ಲಿನ ಡಾಕ್ಟರ ಬಾಗಿಲ ಮುಂದೆ ನಿಂತು ಕಿವಿಗಿಟ್ಟುಕೊಂಡಳು.

"ಮೇಡಂ, ಏನು ಕಲ್ಪನೆ ರೀ ನಿಮ್ಮದು!" ನಗುಮುಖನ ನಗು ಫೋನಿನಲ್ಲೂ ಕೇಳುತ್ತಿತ್ತು. "ಕೊಕ್ಕರೆ ಕುಪ್ಪಳಿಸಿದ್ದು! ನಮ್ಮನೆ ಮಕ್ಕಳು ಬೆಳಿಗ್ಗೆಯಿಂದ ಮಂಚದ ಮೇಲೆ ಅದನ್ನೇ ಮಾಡ್ತಿದ್ದಾವೆ. ಎಲ್ಲರ ಫೋನಲ್ಲೂ ಅದೇ ತುಣುಕು. ಬಾಗಿಲು ದಾಟಿ ಕೊಡೆ ಬಣ್ಣ ಬದಲಾಗೋದು, ಅಬ್ಬ! ಇನ್ನು ಪ್ರತಿ ವಾರ ಹೀಗೇ ಇರ್ಲಿ."

"ಸರ್, ಅದು ತಪ್ಪು. ನಾನು ಬೇಕೂಂತ ಕೆಡಿಸಿದ್ದು."

"ಇದೇ ನೋಡಿ, ಈ ವಿನಯ! ಕಲಾವಿದರ ಮಾತೇ ಬೇರೆ." ಅವನು ಫೋನಿಟ್ಟ.

ಡಾಕ್ಟರ ಬಾಗಿಲಿನಿಂದ ಕೆನ್ನೆ ಊದಿದ ಮುದುಕನೊಬ್ಬ ಹೊರಬಂದು, ನಿಂತೇ ಇದ್ದ ಅಕ್ಕನನ್ನು ಕಂಡು, "ಹೆದರ್ಬೇಡಮ್ಮ, ಕೀಳುವಾಗ ಏನೂ ಗೊತ್ತಾಗಲ್ಲ" ಎಂದು ಸಮಾಧಾನ ಹೇಳಿ ಇಳಿದುಹೋದ.

ಆ ಕಂತನ್ನು ನಡಿಗೆಯಣ್ಣನೂ ನೋಡಿದ್ದ. ಫೋನು ಮಾಡಿ, "ಅವಳನ್ನ ಕುಪ್ಪಳಿಸೋ ಹಾಗೆ ಮಾಡ್ಬಿಟ್ರಲ್ಲ ಅಕ್ಕ" ಎಂದಷ್ಟೇ ಹೇಳಿದ. ಯಾಕೆ ಹಾಗೆ ಮಾಡಿದೆ ಎಂದು ಅಕ್ಕ ವಿವರಿಸಲು ಹೊರಟಳು. ಆ ಕಡೆಯಿಂದ ಅವನು, "ಇರ್ಲಿ ಬಿಡಿ, ಬಂದ ಮೇಲೆ ಮಾತಾಡೋಣ" ಎಂದ. ಬಂದ ಮೇಲೆ ಎಂಬ ಮಾತು ಆಕೆಗೆ ಚುಚ್ಚಿತು.

ಸಿನಿಮಾ ಬಿಡುಗಡೆಯಾಯಿತು. ಓಡಿತು, ಚೆನ್ನಾಗಿಯೇ ಓಡಿತು. ಮೈದುನನ ಫೋಟೋ ಬೀದಿಬೀದಿಯಲ್ಲಿ ಕಾಣಿಸಿತು. ಕರಡಿಯ ಒಂದೊಂದು ಕೂದಲೂ ಗಾಳಿಗೆ ಬಾಗಿದ್ದನ್ನು ಪತ್ರಿಕೆಗಳು ಹೊಗಳಿದವು. ಟೀವಿ ಧಾರಾವಾಹಿಯ ಕಾಲ ಮುಗಿಯಿತು, ಇನ್ನೇನಿದ್ದರೂ ಸಿನಿಮಾದ್ದೇ ಎಂದು ಒಬ್ಬರು ಬರೆದರು. ಅದೇ ವಾರ ಧಾರಾವಾಹಿ ಎಂದಿನಂತೆ ಬಂತು, ಎಂದಿನಷ್ಟೇ ಜನ ನೋಡಿದರು. ಗಾಜಿನ ಕಟ್ಟಡ ಮಾತ್ರ ಖಾಲಿಯಾಯಿತು.

ನಡಿಗೆಯಣ್ಣ ತನ್ನ ಪೆನ್ಸಿಲ್ ಡಬ್ಬಿ, ಒಂದು ಬೆನ್ನುದಿಂಬು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ಕೂತು ಉಸಿರು ಸುಧಾರಿಸಿಕೊಳ್ಳುವವರೆಗೆ ಅಕ್ಕ ಕಾದಳು. ಪಡಸಾಲೆಯ ಆಚೆ ದೊಡ್ಡ ಕೋಣೆಯನ್ನು ಯಾವುದೋ ವಿಮಾ ಕಂಪನಿಗೆ ಕೊಟ್ಟಾಗಿತ್ತು. ಅಲ್ಲಿಂದ ಯಾರೋ ಫೋನಿನಲ್ಲಿ ಮಾತಾಡುವುದು ಕೇಳುತ್ತಿತ್ತು.

"ಜಾಗ ಇಲ್ಲ" ಎಂದಳು ಅಕ್ಕ. ಸುತ್ತಿಬಳಸಿ ಹೇಳಲು ಎಷ್ಟೋ ಮಾತು ಕೂಡಿಸಿಟ್ಟುಕೊಂಡಿದ್ದಳು, ಬಾಯಿಗೆ ಬಂದದ್ದು ಇಷ್ಟೇ. "ಯಾರಿಗೂ ಇಲ್ಲ. ನಾನು ಕೊಟ್ಟ ಮಾತು ಉಳಿಸ್ಕೊಳೋಕಾಗ್ಲಿಲ್ಲ."

"ಕಂತು ನಿಲ್ಲಲ್ಲ ಅಂದಿದ್ರಿ. ನಿಂತಿಲ್ಲವಲ್ಲ."

"ಬೈದ್ಬಿಡಿ ನನ್ನ."

"ನೀವು?" ಅವನು ಕೇಳಿದ. "ನೀವಿರ್ತೀರಾ?"

"ಇಟ್ಕೊಂಡಿದ್ದಾರೆ. ನಾನು, ತುಟಿ. ಬಡ್ತಿನೂ ಕೊಟ್ಟಿದ್ದಾರೆ."

ಅವನು ತಲೆಯಾಡಿಸಿದ. ಸಿಟ್ಟು ಬಂದಿದ್ದರೆ ಅಕ್ಕನಿಗೆ ಒಂದಿಷ್ಟು ಹಗುರಾಗುತ್ತಿತ್ತೇನೋ. "ಉಗ್ರಾಣ ಇದ್ರೆ ಬಡಿಸೋರು ಒಬ್ರು ಬೇಕಲ್ಲ" ಎಂದ. ಅದು ಸಮಾಧಾನವೋ ಚುಚ್ಚುಮಾತೋ ಅವನ ಮುಖದಿಂದ ಗೊತ್ತಾಗಲಿಲ್ಲ. ಬೆನ್ನುದಿಂಬನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು, ಡಬ್ಬಿಯನ್ನು ಮಾತ್ರ ಎತ್ತಿಕೊಂಡು ಇಳಿದುಹೋದ. ಅಕ್ಕ ಕರೆಯಲಿಲ್ಲ. ಕರೆದು ಹೇಳುವುದಕ್ಕಾದರೂ ಏನಿತ್ತು? ಆ ವಾರದ ಕಂತು ಸಂಜೆಯೊಳಗೆ ಹೋಗಬೇಕಿತ್ತು. ಆಕೆ ಹೋಗಿ ಕುಳಿತಳು, ಕೊಕ್ಕರೆಗೆ ಮತ್ತೆ ಕುಪ್ಪಳಿಕೆ ಹಾಕಿದಳು. ಅವನ ನಡಿಗೆಯನ್ನು ಅವನಿಲ್ಲದೆ ಬಳಸಲು ಕೈ ಬರಲಿಲ್ಲ. ಅದರಿಂದ ಅವನಿಗೆ ಕಾಸಿನ ಪ್ರಯೋಜನವೂ ಆಗಲಿಲ್ಲ, ಚಾನೆಲ್ಲಿನವರಿಗೆ ಖುಷಿಯಾಯಿತು.

ಆಕೆ ಈಗಲೂ ಅಲ್ಲೇ ಇದ್ದಾಳೆ. ಮೈದುನನ ಜೊತೆ ಮಾತಿದೆ, ಆದರೆ ಕೆಲಸದ ಮಾತಿಲ್ಲ.

ಇಷ್ಟು ತಿಳಿದಿದೆ. ಇನ್ನುಳಿದದ್ದು ತಿಳಿದಿಲ್ಲ. ಆ ಜನರ ಕೆಲಸ ಕಸಿದದ್ದು ಸಿನಿಮಾವೋ, ಅಕ್ಕನ ಕೈಚಳಕವೋ, ಅಥವಾ ಗಾಜಿನ ಕಟ್ಟಡಕ್ಕೆ ಹೋಗುವ ಮೊದಲೇ ಎಲ್ಲವನ್ನೂ ಯಾರೋ ತೀರ್ಮಾನಿಸಿಟ್ಟಿದ್ದರೋ, ಹೇಳಬಲ್ಲವರು ಒಬ್ಬರೂ ಸಿಗಲಿಲ್ಲ. ಮೊದಲ ವಾರವೇ ಆಕೆ ಕೈಚೆಲ್ಲಿ ಕುಳಿತು ಕಂತು ನಿಲ್ಲಿಸಿದ್ದರೆ ಅವರು ಉಳಿಯುತ್ತಿದ್ದರೇ, ಅದೂ ಗೊತ್ತಿಲ್ಲ. ನಡಿಗೆಯಣ್ಣ ಆಮೇಲೆ ಎಲ್ಲಿಗೆ ಹೋದ, ಏನು ಮಾಡುತ್ತಿದ್ದಾನೆ ಎಂದು ಕೇಳಿದರೆ ಅಕ್ಕನಿಗೂ ಗೊತ್ತಿಲ್ಲ. ಅವನ ಫೋನಿಗೆ ಕರೆ ಹೋಗುವುದಿಲ್ಲ.